"ಅಲ್ಲಿ ಕೂತ್ಕೊಳಕ್ ಬುಡ್ತಾರಾ?" ಅವ್ವನ ಜೊತೆ ಬೆಂಗಳೂರಿನ ಕೆಫೆ, ಗ್ಯಾಲರಿ, ರಂಗಮಂದಿರ ಸುತ್ತಿದ್ದು

ಅವ್ವ ಈ ಸಲ ನಾಗಮಂಗಲದ ಕಡೆಯಿಂದ ಬಂದೋಳು ಹದಿನೈದು ದಿನ ಉಳ್ಕೊಂಡ್ಲು. ಪ್ರತಿ ಸಲ ಬಂದಾಗ್ಲೂ ಅದೇ ಇಸ್ಕಾನ್, ಅದೇ ಲಾಲ್‌ಬಾಗ್, ಅದೇ ಮಾಲು, ಮೂರನೇ ದಿನಕ್ಕೆ ಬೇಜಾರಾಗಿ ಬ್ಯಾಗಿಗೆ ಸೀರೆ ತುಂಬ್ಕೊಳ್ಳೋಕೆ ಶುರು ಮಾಡ್ತಿದ್ಲು. ಈ ಸಲ ನಾನೇ ಹೇಳ್ದೆ, ಅವ್ವ, ನಾನು ರಜಾ ದಿನ ಎಲ್ಲೆಲ್ಲಿ ಹೋಗ್ತೀನೋ ಅಲ್ಲಿಗೇ ನಿನ್ನೂ ಕರ್ಕೊಂಡ್ ಹೋಗ್ತೀನಿ ಬಾ, ಚಿತ್ರ ನೋಡೋಣ, ನಾಟಕ ನೋಡೋಣ, ಮಧ್ಯೆ ಮಧ್ಯೆ ಕಾಫಿ ಕುಡಿಯೋಣ ಅಂತ. ಅವಳು ಕೇಳಿದ್ದು ಒಂದೇ ಮಾತು. "ಅಲ್ಲಿ ಕೂತ್ಕೊಳಕ್ ಬುಡ್ತಾರಾ?"

ಮೊಣಕಾಲು ನೋವು ಇರೋ ಅರವತ್ತು ದಾಟಿದ ಹೆಂಗಸಿಗೆ ಮೊದಲು ಬೇಕಾಗಿರೋ ಉತ್ತರ ಅದೇ. ಆದ್ರೆ ನಾಕೈದು ಜಾಗ ಸುತ್ತಿ ಬಂದ್ಮೇಲೆ ನಂಗೆ ಅನ್ಸಿದ್ದು, ನನ್ನಂಥ ಕಾಲು ಗಟ್ಟಿ ಇರೋರಿಗೂ ಕೇಳ್ಬೇಕಾದ ಪ್ರಶ್ನೆ ಇದೇನೇ. ಬೆಂಗಳೂರಲ್ಲಿ ಕಾಫಿ ಎಲ್ಲಿ ಚೆನ್ನಾಗಿದೆ ಅಂದ್ರೆ ಯಾರ್ ಬೇಕಾದ್ರೂ ಹೇಳ್ತಾರೆ, ಯಾವ ಗ್ಯಾಲರಿಲಿ ಏನು ಹಾಕಿದ್ದಾರೆ ಅಂತ ಫೋನಲ್ಲೇ ಸಿಗತ್ತೆ, ಆದ್ರೆ ನೋಡಿದ್ದನ್ನ ಅಲ್ಲೇ ಕೂತು ಇನ್ನೊಬ್ಬರ ಹತ್ರ ಮಾತಾಡೋಕೆ ಎಲ್ಲಿ ಬಿಡ್ತಾರೆ, ಎಲ್ಲಿ ಎಬ್ಬಿಸ್ತಾರೆ ಅನ್ನೋದನ್ನ ಯಾರೂ ಬರ್ದಿದ್ದು ನಾ ನೋಡಿಲ್ಲ. ಅದಕ್ಕೇ ಈ ರಿವ್ಯೂ.

ಮೊದಲ್ನೇ ದಿನ ಬೆಳಿಗ್ಗೆ ಮೆಟ್ರೋಲಿ ಎಂ.ಜಿ. ರೋಡಿಗೆ ಬಂದು ಚರ್ಚ್ ಸ್ಟ್ರೀಟಿನ ಇಂಡಿಯನ್ ಕಾಫಿ ಹೌಸಿಗೆ ಹೋದ್ವಿ. ಹೊಸದಾಗಿ ಬೆಂಗಳೂರಿಗೆ ಬಂದೋರು ಇದನ್ನ ಹಳೇ ಹೋಟ್ಲು ಅಂತ ನೋಡಿ ಮುಂದೆ ಹೋಗ್ಬಿಡ್ತಾರೆ, ಹಾಗ್ ಮಾಡ್ಬೇಡಿ. ಇದು ಕೆಲಸಗಾರರೇ ನಡೆಸೋ ಸಹಕಾರ ಸಂಘದ ಹೋಟ್ಲು. ಮುಂಚೆ ಕಾಫಿ ಬೋರ್ಡ್ ನಡೆಸ್ತಿದ್ದ ಕಾಫಿ ಹೌಸುಗಳನ್ನ ಐವತ್ತರ ದಶಕದಲ್ಲಿ ಮುಚ್ಚೋಕೆ ಹೊರಟಾಗ, ಕೆಲಸ ಹೋಗೋ ಪರಿಸ್ಥಿತಿ ಬಂದವರೆಲ್ಲ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಮುಂದಾಳತ್ವದಲ್ಲಿ ಒಟ್ಟು ಸೇರಿ ಸೊಸೈಟಿ ಕಟ್ಕೊಂಡ್ರು, ಮೊದಲ್ನೇ ಸೊಸೈಟಿ ಹುಟ್ಟಿದ್ದು ಇದೇ ಬೆಂಗಳೂರಲ್ಲಿ, 1957ರಲ್ಲಿ. ಈ ಹೋಟ್ಲು ಎಂ.ಜಿ. ರೋಡಲ್ಲಿ ಐವತ್ತು ವರ್ಷ ಇತ್ತು, 2009ರಲ್ಲಿ ಆ ಜಾಗ ಬಿಟ್ಟು ಚರ್ಚ್ ಸ್ಟ್ರೀಟಿಗೆ ಬಂತು. ಬಿಳಿ ಯೂನಿಫಾರಂ, ಸೊಂಟಕ್ಕೆ ಅಗಲ ಪಟ್ಟಿ, ತಲೆಗೆ ಪೇಟ ಕಟ್ಟಿರೋ ಸಪ್ಲೈಯರ್ ಬಂದು ನಿಂತ ತಕ್ಷಣ ಅವ್ವ ಸೆರಗು ಸರಿ ಮಾಡ್ಕೊಂಡ್ಲು, ಮದುವೆ ಮನೆಲಿ ದೊಡ್ಡೋರು ಯಾರೋ ಬಂದ ಹಾಗೆ. ಆಮೇಲೆ ಅವರನ್ನೇ "ಎಷ್ಟ್ ವರ್ಷ ಆಯ್ತಣ್ಣ ಇಲ್ಲಿ ಸೇರ್ಕಂಡು" ಅಂತ ಮಾತಿಗೆಳೆದ್ಲು, ಅವರೂ ಒಂದು ಕೈ ಮೇಜಿನ ಮೇಲಿಟ್ಟು ನಿಧಾನಕ್ಕೆ ಉತ್ತರ ಕೊಟ್ರು.

ಕಾಫಿ ಬಿಳಿ ಪಿಂಗಾಣಿ ಕಪ್ಪಲ್ಲಿ ಬರತ್ತೆ, ನಮ್ಮ ದರ್ಶಿನಿಗಳ ಲೋಟದ ಕಾಫಿಗಿಂತ ಸ್ವಲ್ಪ ತೆಳು, ಗಟ್ಟಿ ಡಿಕಾಕ್ಷನ್ ಅಭ್ಯಾಸ ಇರೋರಿಗೆ ಮೊದಲ ಗುಟುಕು ಸಪ್ಪೆ ಅನ್ಸಬಹುದು. ನಂಗೆ ಇಷ್ಟ. ಟೋಸ್ಟ್ ಜೊತೆ ಸ್ಕ್ರಾಂಬಲ್ಡ್ ಎಗ್ ತಗೊಳ್ಳಿ, ಅವ್ವ ಶನಿವಾರ ಮೊಟ್ಟೆ ತಿನ್ನಲ್ಲ ಅಂತ ದೋಸೆ ತಗೊಂಡ್ಲು. ತಿಂಡಿ ಆದ್ಮೇಲೆ ಒಂದು ಗಂಟೆ ಕೂತಿದ್ವಿ. ಪಕ್ಕದ ಟೇಬಲಲ್ಲಿ ಒಬ್ರು ವಯಸ್ಸಾದೋರು ಪೇಪರ್ ಪೂರ್ತಿ ಓದಿ ಮಡಚಿ ಇನ್ನೊಂದು ಕಾಫಿ ಹೇಳಿದ್ರು, ಅವರನ್ನೂ ಯಾರೂ ಏಳಿ ಅನ್ನಲಿಲ್ಲ, ನಮ್ಮನ್ನೂ ಅನ್ನಲಿಲ್ಲ. ಪೂರ್ತಿ ಮಾರ್ಕು.

ಅಲ್ಲಿಂದ ಆಚೆ ಬಂದ್ರೆ ಅದೇ ಬೀದಿಲಿ ಬ್ಲಾಸಮ್, ಬುಕ್‌ವರ್ಮ್ ಎರಡು ಪುಸ್ತಕದಂಗಡಿ ಇವೆ, ಹಳೇ ಪುಸ್ತಕದ ವಾಸನೆ ಇಷ್ಟ ಇರೋರಿಗೆ ಹೇಳೋದೇನೂ ಬೇಡ.

ಆಮೇಲೆ ಕಸ್ತೂರಬಾ ರಸ್ತೆಗೆ, ಮ್ಯಾಪ್ ಅಂತಾರಲ್ಲ, ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ, 2023ರಲ್ಲಿ ಬಾಗಿಲು ತೆರೆದದ್ದು. ಹೊರಗಡೆ ಪೂರ್ತಿ ಉಕ್ಕಿನ ತಗಡು, ಅದರ ಮೇಲೆ ಅಚ್ಚೊತ್ತಿದ ಗೀರುಗಳು. ಅವ್ವ ಆಟೋದಿಂದ ಇಳಿದವಳೇ "ಇದೇನೆ ಇದು, ನೀರಿನ್ ಟ್ಯಾಂಕ್ ಇದ್ದಂಗದೆ" ಅಂದ್ಲು. ಆ ಕಟ್ಟಡ ಮಾಡಿದ ಆರ್ಕಿಟೆಕ್ಟುಗಳ ಮನಸ್ಸಲ್ಲಿ ಇದ್ದಿದ್ದೂ ಅದೇ, ಹಳೇ ಕಾಲದ ಸ್ಟೀಲ್ ನೀರಿನ ಟ್ಯಾಂಕು, ನಾನದನ್ನ ಹೇಳಿದಾಗ ಅವಳಿಗಾದ ಖುಷಿ ನೋಡ್ಬೇಕಿತ್ತು. ಈ ಮ್ಯೂಸಿಯಂ ಬಗ್ಗೆ ನಾನು ಜೋರಾಗಿ ಹೇಳೋದು ಒಂದೇ: ನಡೆಯೋಕೆ ಕಷ್ಟ ಇರೋರು, ಕಣ್ಣು ಕಾಣದೋರು, ವೀಲ್‌ಚೇರಲ್ಲಿ ಬರೋರು, ಇವರೆಲ್ಲರನ್ನೂ ಲೆಕ್ಕಕ್ಕೆ ಇಟ್ಕೊಂಡು ಮಾಡಿರೋ ಜಾಗ. ಲಿಫ್ಟ್ ಇದೆ, ರ‍್ಯಾಂಪ್ ಇದೆ, ಕೆಲವು ಕೃತಿಗಳಿಗೆ ಮುಟ್ಟಿ ನೋಡೋ ಹಾಗೆ ಮಾಡಿರೋ ಪ್ರತಿಕೃತಿ ಇಡ್ತಾರೆ. ಮೇಲ್ಗಡೆ ಮಹಡಿಲಿ ಒಂದು ಕೆಫೆ ಇದೆ, ಕಬ್ಬನ್ ಪಾರ್ಕ್ ಕಡೆಯ ಗಾಳಿ ಬರತ್ತೆ, ಆದ್ರೆ ರೇಟು ನಮ್ಮ ಕಾಫಿ ಹೌಸಿನ ರೇಟಲ್ಲ, ಅಷ್ಟು ಗೊತ್ತಿಟ್ಕೊಂಡು ಹತ್ತಿ.

ಅದೇ ರಸ್ತೆಲಿ ವೆಂಕಟಪ್ಪ ಆರ್ಟ್ ಗ್ಯಾಲರಿ ಇರೋದು. ಕೆ. ವೆಂಕಟಪ್ಪ ಅಂದ್ರೆ ಕಲ್ಕತ್ತಾಗೆ ಹೋಗಿ ಅವನೀಂದ್ರನಾಥ ಟ್ಯಾಗೋರ್ ಹತ್ರ ಚಿತ್ರ ಕಲಿತು, ವಾಪಸ್ ಬಂದು ವೀಣೆ ಶೇಷಣ್ಣನವರ ಹತ್ರ ವೀಣೆ ಕಲಿತ ಮನುಷ್ಯ. ಅವರು ಬಿಡಿಸಿದ ಊಟಿಯ ಮಂಜು, ಬೆಟ್ಟದ ಜಲವರ್ಣ ಚಿತ್ರಗಳನ್ನ ನಾನು ಕಾಲೇಜು ದಿನಗಳಲ್ಲಿ ನೋಡಿದ್ದೆ, ಇವತ್ತಿಗೂ ಊಟಿ ಅಂದ್ರೆ ನಂಗೆ ಆ ಚಿತ್ರವೇ ಮೊದಲು ಕಣ್ಣಿಗೆ ಬರೋದು. 2016ರಲ್ಲಿ ಆ ಗ್ಯಾಲರಿನ ಖಾಸಗಿಯವರ ಉಸ್ತುವಾರಿಗೆ ಕೊಡಬಾರ್ದು ಅಂತ ಊರಿನ ಕಲಾವಿದರು ಬೀದಿಗಿಳಿದಿದ್ರು. ಒಂದು ಚಿತ್ರಶಾಲೆಗೋಸ್ಕರ ಜನ ರಸ್ತೆಗೆ ಬರೋ ಊರು ಇದು, ನಂಗೆ ಅದರ ಬಗ್ಗೆ ಹೆಮ್ಮೆ ಇದೆ.

ಮಧ್ಯಾಹ್ನ ಆಗಿದ್ದನ್ನೂ ಬರೀಲೇಬೇಕು. ಹೆಸರು ಹೇಳಲ್ಲ, ಯಾವ ಏರಿಯಾ ಅಂತಾನೂ ಹೇಳಲ್ಲ. ಆರ್ಟ್ ಕೆಫೆ ಅಂತ ಬೋರ್ಡು, ಗೋಡೆ ತುಂಬ ಚಿತ್ರ, ಒಂದು ಚಿತ್ರದ ಕೆಳಗೂ ಬರೆದವರ ಹೆಸರಿಲ್ಲ. ಕೂರೋಕೆ ಇದ್ದಿದ್ದು ಎತ್ತರದ ಸ್ಟೂಲುಗಳು, ಬೆನ್ನಿಗೆ ಒರಗೋಕೆ ಏನೂ ಇಲ್ಲ, ಅವ್ವನ್ನ ಹತ್ತಿಸೋಕೆ ನಾನು ಕೈ ಹಿಡಿದು ಒಂದು ನಿಮಿಷ ಒದ್ದಾಡಿದೆ. ಕಾಫಿ ಬಂತು, ಮೇಲೆ ನೊರೆಲಿ ಎಲೆ ಚಿತ್ರ, ಕೆಳಗೆ ಉಗುರು ಬೆಚ್ಚಗಿನ ಹಾಲು. ಇಪ್ಪತ್ತು ನಿಮಿಷ ಆಗಿರ್ಲಿಲ್ಲ, ಕೇಳದೇನೇ ಬಿಲ್ ತಂದಿಟ್ರು, ಆಮೇಲೆ ಒಬ್ಬ ಹುಡುಗ ಬಂದು ವೆಯ್ಟಿಂಗ್ ಇದೆ ಮ್ಯಾಮ್ ಅಂದ. ಅವ್ವ ಏನೂ ಅನ್ನಲಿಲ್ಲ, ಅರ್ಧ ಕಪ್ ಅಲ್ಲೇ ಬಿಟ್ಟು ನನ್ನ ಭುಜ ಹಿಡ್ಕೊಂಡು ಇಳಿದ್ಲು. ಆ ಹುಡುಗನ ಮೇಲೆ ನಂಗೆ ಕೋಪ ಇಲ್ಲ, ಅವನಿಗೆ ಹೇಳಿಕೊಟ್ಟಿದ್ದನ್ನ ಅವನು ಮಾಡಿದ. ಬಾಡಿಗೆ ಜಾಸ್ತಿ, ಒಂದೊಂದು ಟೇಬಲ್ಲಿಂದ ಗಂಟೆಗೆ ಇಷ್ಟು ಬರಲೇಬೇಕು ಅನ್ನೋ ಲೆಕ್ಕ ಇರತ್ತೆ, ಅದೂ ಅರ್ಥ ಆಗತ್ತೆ. ಹಾಗಿದ್ರೆ ಆರ್ಟ್ ಅನ್ನೋ ಪದ ಬೋರ್ಡಿಂದ ತೆಗೀಲಿ. ಗೋಡೆ ಮೇಲಿನ ಚಿತ್ರ ನೋಡೋಕೂ ಟೈಮ್ ಬೇಕಲ್ವ?

ದರ್ಶಿನಿಗಳಲ್ಲಿ ನಿಂತೇ ತಿನ್ನೋದು, ಅದನ್ನ ಯಾರೂ ತಪ್ಪು ಅನ್ನಲ್ಲ, ಯಾಕಂದ್ರೆ ಅಲ್ಲಿ ಯಾರೂ ನಿಮಗೆ ಬೇರೆ ಆಸೆ ತೋರ್ಸಿರಲ್ಲ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಲ್ಲೂ ಅಷ್ಟೇ, ನಲವತ್ತರ ದಶಕದಿಂದ ನಡೀತಿರೋ ಹೋಟ್ಲು, ಒಂದೇ ಕೈಲಿ ಮಸಾಲೆ ದೋಸೆ ಪ್ಲೇಟುಗಳನ್ನ ಒಂದರ ಮೇಲೊಂದು ಜೋಡಿಸ್ಕೊಂಡು ಬರೋ ಸಪ್ಲೈಯರನ್ನ ನೋಡೋದೇ ಒಂದು ಚಂದ, ಹೊರಗೆ ಜನ ಕಾಯ್ತಿರ್ತಾರೆ, ತಿಂದು ಏಳ್ಬೇಕು, ಅದು ನಮಗೂ ಗೊತ್ತು. ಆದ್ರೂ ಗೋಡೆ ಮೇಲೆ ಕನ್ನಡ ಸಾಹಿತಿಗಳ ರೇಖಾಚಿತ್ರ ಹಾಕಿದ್ದಾರಲ್ಲ, ದೋಸೆ ಬರೋವರೆಗೂ ಅದನ್ನ ನೋಡ್ತಾ, ಇವರ್ಯಾರು ಅವರ್ಯಾರು ಅಂತ ಅವ್ವನಿಗೆ ಹೇಳ್ತಾ ಕೂತಿದ್ವಿ. ಬೆಣ್ಣೆ, ಗರಿಗರಿ ಅದೆಲ್ಲ ನಾನು ಹೊಸದಾಗಿ ಹೇಳೋದೇನಿಲ್ಲ. ಶುಕ್ರವಾರ ರಜಾ, ನೆನಪಿಟ್ಕೊಳ್ಳಿ.

ಈಗ ನಾನು ನಿಜವಾಗ್ಲೂ ಹೇಳ್ಬೇಕು ಅಂತ ಕೂತಿದ್ದು. ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತು. 1960ರಲ್ಲಿ ಶುರುವಾದ ಸಂಸ್ಥೆ, ಎಂ.ಎಸ್. ನಂಜುಂಡರಾವ್ ಅವರು ಕಟ್ಟಿ ಬೆಳೆಸಿದ್ದು, ಕಾಲೇಜೂ ಅಲ್ಲೇ, ಗ್ಯಾಲರಿಗಳೂ ಅಲ್ಲೇ, ಸೀರೆ ಮಡಕೆ ಒಡವೆ ಮಾರೋ ಕರಕುಶಲ ಮೇಳಗಳೂ ಅಲ್ಲೇ. ಹೆಚ್ಚಿನ ಜನ ಮೇಳಕ್ಕೆ ಬಂದು ಹಾಗೇ ಹೊರಟು ಹೋಗ್ತಾರೆ. ಒಳಗಿನ ಮ್ಯೂಸಿಯಂಗೆ ಟಿಕೆಟ್ ತಗೊಂಡು ಹೋಗಿ. ರೋರಿಕ್ ಗ್ಯಾಲರಿ ಇದೆ, ರಷ್ಯಾದ ಚಿತ್ರಕಾರ ನಿಕೊಲಾಯ್ ರೋರಿಕ್ ಮತ್ತು ಅವರ ಮಗ ಸ್ವೆತೊಸ್ಲಾವ್ ರೋರಿಕ್ ಅವರ ಚಿತ್ರಗಳು, ಆ ಮಗನೇ ನಟಿ ದೇವಿಕಾ ರಾಣಿಯವರನ್ನ ಮದುವೆಯಾಗಿ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಲ್ಲಿ ಇದ್ದವರು. ಹಿಮಾಲಯದ ಆ ನೀಲಿ, ಆ ನೇರಳೆ ನೋಡಿ ಅವ್ವ "ತಣ್ಣಗಾಯ್ತದೆ ಕಣ್ಣಿಗೆ" ಅಂದ್ಲು, ಅಷ್ಟೇ, ಮುಂದೆ ನಡೆದ್ಲು.

ತೊಗಲು ಗೊಂಬೆಗಳಿರೋ ಕಡೆ ಬಂದಾಗ ನಿಂತ್ಬಿಟ್ಲು. ನನ್ನ ಕೈ ಬಿಟ್ಟು, ಮೊಣಕಾಲು ನೋವು ಮರೆತು, ಗಾಜಿಗೆ ಮೂಗು ತಾಕೋಷ್ಟು ಹತ್ರ ಹೋಗಿ ನಿಂತ್ಲು.

"ಇದು ನಮ್ಮೂರಿಗ್ ಬರ್ತಿತ್ತು ಕಣೆ. ಕಿಳ್ಳೇಕ್ಯಾತರು ಬಂದು ಆಡುಸ್ತಿದ್ರು. ಮಳೆ ಬರ್ದೇ ಹೋದ್ ವರ್ಷ ಊರೋರೇ ಕರ್ಸೋರು."

ಕಿಳ್ಳೇಕ್ಯಾತರು ಅಂದ್ರೆ ತೊಗಲು ಗೊಂಬೆ ಆಡ್ಸೋ ಸಮುದಾಯದೋರು. ನಂಗೆ ಇದು ಗೊತ್ತೇ ಇರ್ಲಿಲ್ಲ. ಮೂವತ್ತೈದು ವರ್ಷ ಆಯ್ತು ನಾನು ಅವಳ ಮಗಳಾಗಿ, ಒಂದು ದಿನ ಈ ಮಾತು ಬಂದಿರ್ಲಿಲ್ಲ. ಆಮೇಲೆ ಅವಳೇ ನಂಗೆ ಗೈಡ್ ಆದ್ಲು. ಮೇಕೆ ಚರ್ಮನ ಹದ ಮಾಡಿ ಬೆಳಕು ಹಾಯೋಷ್ಟು ತೆಳ್ಳಗೆ ಮಾಡ್ತಾರೆ, ಬಣ್ಣ ಬಳೀತಾರೆ, ಒಡವೆ ಇರೋ ಜಾಗದಲ್ಲಿ, ಸೀರೆ ಅಂಚಲ್ಲಿ, ಕಿರೀಟದಲ್ಲಿ ಸಣ್ಣ ಸಣ್ಣ ತೂತು ಹೊಡೀತಾರೆ. ಗಾಜಿನ ಹಿಂದೆ ಸುಮ್ನೆ ನೋಡಿದ್ರೆ ಅದು ತೂತು ಅಷ್ಟೇ. "ಹಿಂದ್ಗಡೆ ದೀಪ ಮಡುಗ್ದಾಗ ನೋಡ್ಬೇಕು, ಆ ತೂತೆಲ್ಲ ಮೂಗ್‌ಬೊಟ್ಟು ಹೊಳ್ದಂಗ್ ಹೊಳೀತವೆ" ಅಂದ್ಲು. ನಾನು ಬಗ್ಗಿ ನೋಡ್ದೆ, ಒಂದು ಗೊಂಬೆಯ ಸೊಂಟದ ಡಾಬಿನಲ್ಲಿ ಸಾಸಿವೆ ಕಾಳಷ್ಟು ಸಣ್ಣ ತೂತುಗಳು ಸಾಲಾಗಿ, ಒಂದಕ್ಕೊಂದು ತಾಕದ ಹಾಗೆ, ಎರಡು ಸಾಲು. ಆ ಕೈ ಎಷ್ಟು ಸ್ಥಿರವಾಗಿರ್ಬೇಕು! ಇನ್ನೊಂದು ವಿಷಯ, ಕರ್ನಾಟಕದ ತೊಗಲು ಗೊಂಬೆಲಿ ರಾಜ, ದೇವರುಗಳು ದೊಡ್ಡ ಗಾತ್ರ, ಸೇವಕರು, ಸಾಮಾನ್ಯ ಜನ ಚಿಕ್ಕ ಗಾತ್ರ, ಮತ್ತೆ ಕೆಲವು ಸಲ ಒಂದೇ ಚರ್ಮದಲ್ಲಿ ಒಂದು ಇಡೀ ದೃಶ್ಯ, ಮೂರು ನಾಕು ಪಾತ್ರ ಸೇರಿಸಿ ಕೊರೆದಿರ್ತಾರೆ. ನಂಜುಂಡರಾವ್ ಅವರು ಊರೂರು ಸುತ್ತಿ ಇವನ್ನ ಕೂಡಿಹಾಕದೇ ಇದ್ದಿದ್ರೆ ಇವತ್ತು ನನ್ನಂಥೋರಿಗೆ ತೋರಿಸೋಕೆ ಅವ್ವನ ಹತ್ರ ಬರೀ ಮಾತು ಉಳ್ದಿರ್ತಿತ್ತು.

ಪರಿಷತ್ತಿನ ಕ್ಯಾಂಟೀನು ಆವರಣದೊಳಗೇ ಇದೆ, ಮರದ ನೆರಳು, ಆರ್ಟ್ ಓದೋ ಹುಡುಗ ಹುಡುಗಿಯರು ಕೈಗೆ ಬಣ್ಣ ಮೆತ್ತಿಕೊಂಡೇ ಟೀ ಕುಡೀತಿರ್ತಾರೆ. ತಿಂಡಿ ಅದ್ಭುತ ಅಂತೇನಿಲ್ಲ, ಟೀ ಬಿಸಿ ಇತ್ತು, ಜಾಗ ತಂಪಾಗಿತ್ತು. ಮುಕ್ಕಾಲು ಗಂಟೆ ಕೂತಿದ್ವಿ, ಅವ್ವ ಆಟದ ರಾತ್ರಿಗಳ ಕಥೆ ಹೇಳಿದ್ಲು, ಕಂಬಳಿ ಹೊದ್ದು ಮುಂದಿನ ಸಾಲಲ್ಲಿ ಕೂತಿದ್ದು, ಅರ್ಧಕ್ಕೆ ನಿದ್ದೆ ಹೋಗಿ ಬೆಳಗಿನ ಜಾವ ಎದ್ದಾಗ ರಾವಣ ಇನ್ನೂ ಸತ್ತಿರ್ಲಿಲ್ಲ ಅಂತ. ಪಕ್ಕದ ಬೆಂಚಲ್ಲಿ ಒಬ್ಬ ಹುಡುಗಿ ಸ್ಕೆಚ್ ಬುಕ್ಕಲ್ಲಿ ಏನೋ ಗೀಚ್ತಿದ್ಲು, ಸ್ವಲ್ಪ ಹೊತ್ತಾದ್ಮೇಲೆ ಬಂದು "ಅಜ್ಜಿ, ನಿಮ್ಮನ್ನ ಬಿಡಿಸ್ಲಾ" ಅಂತ ಕೇಳಿದ್ಲು. ಅವ್ವ ನಾಚ್ಕೊಂಡು ಬೇಡ ಅಂದ್ಲು, ಆಮೇಲೆ ಐದು ನಿಮಿಷ ಅಲ್ಲಾಡದೇ ಕೂತ್ಲು. ಈ ಮುಕ್ಕಾಲು ಗಂಟೆನ ಯಾವ ಮ್ಯೂಸಿಯಮ್ಮೂ ಟಿಕೆಟ್ ಮಾಡಿ ಮಾರೋಕಾಗಲ್ಲ, ಬೆಂಚು ಮತ್ತೆ ಒಂದು ಟೀ ಇದ್ರೆ ತಾನಾಗೇ ಸಿಗತ್ತೆ.

ಮಾರನೇ ದಿನ ಅರಮನೆ ರಸ್ತೆಯ ಎನ್.ಜಿ.ಎಂ.ಎ., ಅಂದ್ರೆ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ. ಮಾಣಿಕ್ಯವೇಲು ಮ್ಯಾನ್ಶನ್ ಅನ್ನೋ ಹಳೇ ಬಂಗಲೆ, 2009ರಲ್ಲಿ ಗ್ಯಾಲರಿ ಆಯ್ತು, ಹಿಂದೆ ಹೊಸ ಕಟ್ಟಡ ಸೇರಿಸಿದ್ದಾರೆ, ಸುತ್ತ ದೊಡ್ಡ ದೊಡ್ಡ ಮರ. ಟಿಕೆಟ್ ಬರೀ 20 ರೂಪಾಯಿ, ಸೋಮವಾರ ರಜಾ. ಇಪ್ಪತ್ತು ರೂಪಾಯಿಗೆ ಈ ಊರಲ್ಲಿ ಬೈಕ್ ನಿಲ್ಸೋಕೆ ಜಾಗ ಸಿಕ್ಕಿದ್ರೇ ಪುಣ್ಯ, ಇಲ್ಲಿ ಜಾಮಿನಿ ರಾಯ್ ಸಿಗ್ತಾರೆ. ನಾವು ಹೋದಾಗ ಅವರ ಚಿತ್ರ ಇತ್ತು, ಆ ಉದ್ದದ ಮೀನಿನಾಕಾರದ ಕಣ್ಣು, ದಪ್ಪ ಕಪ್ಪು ಗೆರೆ. ಅವ್ವ ನೋಡಿದ ತಕ್ಷಣ "ನಿನ್ನೆ ಗೊಂಬೆ ಕಣ್ಣು" ಅಂದ್ಲು. ನಾನು ಎಷ್ಟು ಸಲ ಆ ಚಿತ್ರಗಳ ಮುಂದೆ ನಿಂತಿದ್ದೀನಿ, ಒಂದು ಸಲಾನೂ ತೊಗಲು ಗೊಂಬೆ ನೆನಪಾಗಿರ್ಲಿಲ್ಲ! ಜಾಮಿನಿ ರಾಯ್ ಕೂಡ ವಿಲಾಯತಿ ಶೈಲಿಯ ಆಯಿಲ್ ಪೇಂಟಿಂಗ್ ಚೆನ್ನಾಗಿ ಕಲಿತು, ಆಮೇಲೆ ಅದನ್ನ ಬಿಟ್ಟು ಬಂಗಾಳದ ಹಳ್ಳಿ ಪಟಚಿತ್ರ ಬರೆಯೋರ ಕಡೆ ತಿರುಗಿದವರು, ಮಣ್ಣಿನ ಬಣ್ಣ, ಹುಣಸೇ ಬೀಜದ ಅಂಟು ಉಪಯೋಗಿಸ್ದವರು. ಹುಣಸೇ ಬೀಜದ ಅಂಟು ಅಂದಾಗ ಅವ್ವ ತಲೆ ಅಲ್ಲಾಡಿಸಿದ್ಲು, ಅದೇನು ದೊಡ್ಡ ವಿಷಯ ಅನ್ನೋ ಹಾಗೆ. ಗ್ಯಾಲರಿ ಒಳಗೆ ಅಲ್ಲಲ್ಲಿ ಕೂತೆದ್ದು, ಹೊರಗೆ ಮರದ ಕೆಳಗೆ ಅರ್ಧ ಗಂಟೆ. ಯಾರೂ ಕೇಳಲಿಲ್ಲ.

ಒಂದು ಮಾತು, ಎಲ್ಲಾ ಕಲಾ ಜಾಗಗಳಿಗೂ ಸೇರಿಸಿ ಹೇಳ್ತೀನಿ, ಚಿತ್ರದ ಪಕ್ಕ ಇಂಗ್ಲಿಷಲ್ಲಿ ಮಾತ್ರ ಬರೆದ ಚೀಟಿ ಅಂಟಿಸೋದನ್ನ ನಿಲ್ಲಿಸಿ. ಎರಡು ಸಾಲು ಕನ್ನಡ ಸಾಕು. ಅವ್ವ ಏಳನೇ ಕ್ಲಾಸು ಓದಿದ್ದಾಳೆ, ಕನ್ನಡ ಚೀಟಿ ಇದ್ದ ಕಡೆ ಒಂದೂ ಬಿಡದೇ ಓದಿದ್ಲು, ಇಲ್ಲದ ಕಡೆ ನನ್ನ ಮುಖ ನೋಡಿದ್ಲು.

ಕೊನೇಗೆ ಜೆ.ಪಿ. ನಗರದ ರಂಗಶಂಕರ. ಹೋಗೋಕೆ ಸಿಕ್ಕ ಆಟೋ ಹಿಂದೆ ಶಂಕರ್‌ನಾಗ್ ಫೋಟೋ, ಡ್ರೈವರಿಗೆ ಎಲ್ಲಿಗೆ ಅಂತ ಎರಡನೇ ಸಲ ಹೇಳೋದೇ ಬೇಕಾಗ್ಲಿಲ್ಲ. 1990ರಲ್ಲಿ ದಾವಣಗೆರೆ ಹತ್ರ ಅಪಘಾತದಲ್ಲಿ ಶಂಕ್ರಣ್ಣ ಹೋದ್ಮೇಲೆ, ಅವರು ಕಂಡಿದ್ದ ಕನಸು ಅಂತ ಅವರ ಹೆಂಡ್ತಿ ಅರುಂಧತಿ ನಾಗ್ ಅವರು ವರ್ಷಗಟ್ಟಲೆ ಓಡಾಡಿ 2004ರಲ್ಲಿ ಈ ರಂಗಮಂದಿರ ತೆರೆದ್ರು. ಇಲ್ಲಿ ಒಂದು ಕಟ್ಟುನಿಟ್ಟು ಇದೆ, ನಾಟಕ ಶುರುವಾದ್ಮೇಲೆ ಯಾರನ್ನೂ ಒಳಗೆ ಬಿಡಲ್ಲ, ಯಾರೇ ಆಗ್ಲಿ. ಬೆಂಗಳೂರಿನ ಟ್ರಾಫಿಕ್ಕಲ್ಲಿ ಇದು ಕಠಿಣ ಅನ್ಸತ್ತೆ, ಆದ್ರೆ ಒಳಗೆ ಕೂತು ನೋಡೋರಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ, ಮಧ್ಯೆ ಮೊಬೈಲ್ ಲೈಟು ಹಾಕ್ಕೊಂಡು ಸೀಟು ಹುಡುಕೋರು ಇರಲ್ಲ. ನಾವು ಒಂದು ಗಂಟೆ ಮುಂಚೆ ಹೋದ್ವಿ, ನೀವೂ ಹಾಗೇ ಮಾಡಿ, ಯಾಕಂದ್ರೆ ಆ ಒಂದು ಗಂಟೆ ಇರೋದೇ ಕೆಫೆಗೆ. ಸಾಬೂದಾನ ವಡೆ ತಗೊಳ್ಳಿ, ಬಿಸಿ ಇದ್ದಾಗ್ಲೇ ಮುರೀಬೇಕು, ಹೊರಗೆ ಕರಕರ, ಒಳಗೆ ಸಾಬೂದಾನ ಇನ್ನೂ ಅಂಟಂಟು, ಮಧ್ಯೆ ಕಡ್ಲೇಬೀಜದ ತುಂಡು ಸಿಗತ್ತೆ. ಅವ್ವ ಎರಡನೇ ಪ್ಲೇಟಿಗೆ ಅವಳೇ ಎದ್ದು ಹೋದ್ಲು.

ರಂಗದ ಮೂರು ಕಡೆ ಪ್ರೇಕ್ಷಕರು, ಆಸನಗಳು ಮೆಟ್ಟಿಲು ಮೆಟ್ಟಿಲಾಗಿ ಮೇಲೇರ್ತವೆ, ಮುಂದಿನವರ ತಲೆ ಅಡ್ಡ ಬರಲ್ಲ. ಆ ಮೆಟ್ಟಿಲು ಹತ್ತೋದು ಕಷ್ಟ ಅಂತ ನಾವು ಕೆಳಗಿನ ಸಾಲಲ್ಲೇ ಕೂತ್ವಿ. ಕನ್ನಡ ನಾಟಕ, ನಟಿ ನಮ್ಮಿಂದ ನಾಕು ಹೆಜ್ಜೆ ದೂರದಲ್ಲಿ ಅಳ್ತಿದ್ಲು, ಅವಳ ಕತ್ತಿನ ನರ ಬಿಗಿಯಾಗಿದ್ದೂ ಕಾಣ್ತಿತ್ತು. ಅವ್ವ ನನ್ನ ಮಣಿಕಟ್ಟು ಹಿಡ್ಕೊಂಡವಳು ದೀಪ ಹತ್ತೋವರೆಗೂ ಬಿಡಲಿಲ್ಲ.

ನಾಟಕ ಮುಗಿದ್ಮೇಲೂ ಜನ ಬೇಗ ಹೋಗಲ್ಲ ಇಲ್ಲಿ, ಹೊರಗೆ ಗುಂಪು ಗುಂಪಾಗಿ ನಿಂತು ಮಾತಾಡ್ತಾರೆ, ನಟರೂ ಬಂದು ಸೇರ್ಕೊಳ್ತಾರೆ. ಅವ್ವ ಒಂದು ಕಟ್ಟೆ ಮೇಲೆ ಕೂತು ಎಲ್ಲರನ್ನೂ ನೋಡ್ತಿದ್ಲು. ನಾನು ಆಟೋ ಬುಕ್ ಮಾಡ್ತಾ ಹೇಳ್ದೆ, ಜನವರಿಲಿ ಪರಿಷತ್ತಿನ ಮುಂದಿನ ರಸ್ತೆ ಪೂರ್ತಿ ಬಂದ್ ಮಾಡಿ ಚಿತ್ರಸಂತೆ ಮಾಡ್ತಾರೆ ಅವ್ವ, ಸಾವಿರಕ್ಕಿಂತ ಜಾಸ್ತಿ ಕಲಾವಿದರು ರಸ್ತೆ ಬದೀಲಿ ಚಿತ್ರ ಇಟ್ಕೊಂಡು ಕೂರ್ತಾರೆ, ಬರ್ತೀಯಾ, ಆದ್ರೆ ಅವತ್ತು ಮಾತ್ರ ನಿಂಗೆ ಕೂರೋಕೆ ಜಾಗ ಸಿಗಲ್ಲ, ಅಷ್ಟು ರಷ್ಷು.

"ಮಡುಚೋ ಸ್ಟೂಲು ಸಿಗ್ತದಲ್ಲ, ಒಂದ್ ತಂದ್ ಮಡುಗಿರು" ಅಂದ್ಲು.